ಮುಚ್ಚಿಟ್ಟ ನಾಲ್ಕು ತಿಂಗಳು

ಒಗೆದ ಅರಿವೆಯನ್ನು ಹಿತ್ತಲಿನ ಹಗ್ಗಕ್ಕೆ ಹಾಕಿ, ಅದರ ಮೇಲೆ ತನ್ನ ಸೀರೆ ಹರವಿ ಮುಚ್ಚುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ನಿಂತಿರುವುದು ಶೇಖರಮ್ಮನಿಗೆ ಗೊತ್ತಾಯಿತು. ತಿರುಗಿ ನೋಡಬೇಕಾಗಿರಲಿಲ್ಲ. ಅತ್ತೆ ಮುದುಕಮ್ಮ ಎಲೆಯಡಿಕೆ ಜಗಿಯುವ ಸಪ್ಪಳ ಹದಿನಾರು ವರ್ಷದಿಂದ ಅವಳ ಕಿವಿಯಲ್ಲೇ ಇತ್ತು.

“ಈ ತಿಂಗಳದಾಗ ಇದು ಎರಡನೇ ಸಲ,” ಎಂದಳು ಮುದುಕಮ್ಮ. “ಅಮಾಸಿ ಹಿಂದಿನ ದಿನ ಒಮ್ಮೆ ಆಗಿತ್ತು. ಈಗ ಮತ್ತ. ಏನಾಗೈತಿ ನಿನಗ?”

“ಮೈಯಾಗ ಆರಾಮಿಲ್ರಿ ಅತ್ತಿ.”

“ನಾಕ ತಿಂಗಳಾತು ನಿನಗ ಆರಾಮಿಲ್ಲದ. ಹಕೀಮನ ಕಡೆ ಯಾಕ ಹೋಗವಲ್ಲಿ?”

ಉತ್ತರಕ್ಕೆ ಕಾಯದೆ ಮುದುಕಮ್ಮ ಒಳಗೆ ಹೋದಳು. ಶೇಖರಮ್ಮ ಹಗ್ಗ ಹಿಡಿದುಕೊಂಡು ನಿಂತಳು. ಯುದ್ಧ ಶುರುವಾದಾಗಿನಿಂದ ಕೊಪ್ಪಳದ ಬಜಾರಿನಲ್ಲಿ ಅರಿವೆ ಸಿಗುವುದೇ ಕಷ್ಟವಾಗಿ, ಹಳೆಯ ಸೀರೆಯ ಒಂದೊಂದು ತುಂಡೂ ಯಾರು ಉಟ್ಟಿದ್ದು, ಯಾವ ವರ್ಷ ಹರಿದದ್ದು ಎಂಬುದು ಮುದುಕಮ್ಮನಿಗೆ ಬಾಯಿಪಾಠವಾಗಿತ್ತು. ಮೈಯಲ್ಲಿ ನಡೆಯುವುದನ್ನೂ ಈ ಮನೆಯಲ್ಲಿ ಹಗ್ಗದ ಮೇಲೆ ಓದುತ್ತಾರೆ ಎಂದು ಶೇಖರಮ್ಮನಿಗೆ ಸಿಟ್ಟು ಬಂತು. ಬೆಳಿಗ್ಗೆ ಏಳುವಾಗಲೇ ಇದ್ದ ಸಿಟ್ಟು ಅದು; ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಅರಿವೆ ಅವಳದಾಗಿರಲಿಲ್ಲ, ಅವಳ ಮಗಳು ಕಳಕಮ್ಮನದು. ಹನ್ನೆರಡು ವರ್ಷದ ಹುಡುಗಿ ದೊಡ್ಡಾಕಿಯಾಗಿ ನಾಲ್ಕು ತಿಂಗಳಾಗಿದ್ದವು, ಮತ್ತು ಅದು ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಶೇಖರಮ್ಮ ನೋಡಿಕೊಂಡಿದ್ದಳು. ಯಾರಿಗೂ ಎಂದರೆ ಗಂಡನೊಬ್ಬನನ್ನು ಬಿಟ್ಟು. ಅವತ್ತು ಬಚ್ಚಲಿನಿಂದ “ಯವ್ವಾ, ನನಗೇನೋ ಆಗೈತಿ, ನಾ ಸಾಯ್ತೀನಿ” ಎಂದು ಹುಡುಗಿ ನಡುಗುತ್ತ ಓಡಿ ಬಂದಾಗ ಅವಳು ಮೊದಲು ಮಾಡಿದ ಕೆಲಸವೆಂದರೆ ಅಂಗೈಯಿಂದ ಅದರ ಬಾಯಿ ಮುಚ್ಚಿದ್ದು. ಹೆದರಬೇಡ ಎನ್ನಲಿಲ್ಲ, ಎದೆಗೆ ಒತ್ತಿಕೊಳ್ಳಲಿಲ್ಲ. “ಸುಮ್ನಿರು. ಆಯಿಗೆ ಕೇಳಿಸ್ತದ” ಎಂದಳು, ಅತ್ತೆ ಇದ್ದ ಪಡಸಾಲೆಯ ಕಡೆ ನೋಡುತ್ತ. ಬಾಯಿಯ ಬಿಸಿ ಉಸಿರು ಅಂಗೈಗೆ ತಾಗಿದ್ದು ಈಗಲೂ ನೆನಪಿದೆ. ಗೊತ್ತಾದರೆ ಏನಾಗುತ್ತದೆಂದು ಅವಳಿಗೆ ತಿಳಿದಿತ್ತು. ಐದು ದಿನ ಬಾಳೆಕಂಬದ ನಡುವೆ ಕೂಡಿಸುತ್ತಾರೆ, ಓಣಿಯ ಹೆಂಗಸರು ಬಂದು ಆರತಿ ಮಾಡಿ ಹಾಡುತ್ತಾರೆ, ಆರನೆಯ ದಿನ ಗದುಗಿನ ಬೀಗರಿಗೆ ಕಾರ್ಡು ಹೋಗುತ್ತದೆ, ಹದಿನೈದು ದಿನದಲ್ಲಿ ಅವರು ಬಂದು ಹುಡುಗಿಯನ್ನು ಗಂಡನ ಮನೆಗೆ ಕರೆದುಕೊಂಡು ಹೋಗುತ್ತಾರೆ.

ಒಳಗೆ ಕಳಕಮ್ಮ ಬೀಸುಕಲ್ಲಿನ ಪಕ್ಕ ಮೊಣಕಾಲ ಮೇಲೆ ಗದ್ದ ಊರಿ ಕುಳಿತಿದ್ದಳು. ಹೊರಗೆ ಓಣಿಯಲ್ಲಿ ಹುಡುಗಿಯರು ಕುಂಟಾಟ ಆಡುವ ಸದ್ದು ಬರುತ್ತಿತ್ತು. “ಯವ್ವ, ಒಂದ ಆಟ ಆಡಿ ಬರ್ತೀನಿ” ಎಂದಳು. “ಬ್ಯಾಡ” ಎಂದಳು ಶೇಖರಮ್ಮ. “ಹಂಗಾದ್ರ ಸಾಲಿಗರೆ ಹೋಗ್ತೀನಿ.” “ಬ್ಯಾಡ ಅಂದೆ.” ಶಾಲೆ ಬಿಡಿಸಿದ್ದೂ ಅವಳೇ. ನಾಲ್ಕನೆಯ ಇಯತ್ತೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ, ಗೆಳತಿಯರ ಜೊತೆ ಮಾತಾಡುವಾಗ ಎಲ್ಲಿ ಬಾಯಿ ಬಿಟ್ಟೀತೋ ಎಂದು ಬಿಡಿಸಿದಳು. ಜೋಕಾಲಿ ಬೇಡ, ಬಾವಿಗೆ ಬೇಡ, ಪಕ್ಕದ ಮನೆಗೆ ಬೇಡ. ಕೇಳದಿದ್ದರೆ ಕಿವಿಯ ಮೇಲೊಂದು ಏಟು. ಮಗಳು ಇನ್ನಷ್ಟು ದಿನ ಮಗುವಾಗಿ ಇರಲೆಂದು ತಾನು ಮಾಡುತ್ತಿರುವುದು ಇದು ಎಂದು ಯೋಚಿಸಿದಾಗ ಅವಳಿಗೆ ತನ್ನ ಕೈಗಳನ್ನೇ ಕಡಿದುಕೊಳ್ಳಬೇಕೆನಿಸುತ್ತಿತ್ತು. ಆದರೆ ಹಾಗೆನಿಸಿದ ಮರುಕ್ಷಣವೇ ಹುಡುಗಿ ಮತ್ತೆ ಬಾಗಿಲ ಕಡೆ ಕಣ್ಣು ಹಾಯಿಸುತ್ತಿತ್ತು, ಮತ್ತೆ ಕೈ ಏಳುತ್ತಿತ್ತು.

ಬೀಸಲು ಕುಳಿತಳು. ಜೋಳದ ಕಾಳು ಹಿಡಿ ಹಿಡಿಯಾಗಿ ಕಲ್ಲಿನ ಬಾಯಿಗೆ ಬೀಳುತ್ತಿತ್ತು. ನಾಲ್ಕು ವರ್ಷದ ಕೆಳಗೆ ಇದೇ ಪಡಸಾಲೆಯಲ್ಲಿ ಮದುವೆ. ಹುಡುಗ ಗದುಗಿನವನು, ಆದರೂ ಬೀಗರು ತಾವೇ ರೈಲು ಹತ್ತಿ ಕೊಪ್ಪಳಕ್ಕೆ ಬಂದಿದ್ದರು. ಅವರ ಕಡೆ ಇಂಗ್ರೇಜಿ ಸರಕಾರ ಹದಿನಾಲ್ಕರ ಒಳಗಿನ ಹುಡುಗಿಗೆ ಮದುವೆ ಮಾಡಬಾರದೆಂದು ಶಾರದಾ ಕಾಯ್ದೆ ತಂದಿತ್ತು. “ಅಲ್ಲೆ ಯಾವನರೆ ಅರ್ಜಿ ಕೊಟ್ರ ಕೋರ್ಟು ಕಚೇರಿ. ಇಲ್ಲಿ ನಿಜಾಮರ ಸೀಮ್ಯಾಗ ಕೇಳೂರು ಯಾರದಾರ?” ಎಂದು ಹುಡುಗನ ತಂದೆ ಕೊಟ್ರಬಸಪ್ಪ ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಶೇಖರಮ್ಮನೂ ನಕ್ಕಿದ್ದಳು. ಅದನ್ನು ಅವಳು ಯಾರಿಂದಲೂ ಮುಚ್ಚಿಡಬಹುದು, ತನ್ನಿಂದ ಮುಚ್ಚಿಡಲಾರಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಅವ್ವನೆಂದು ನಾಲ್ಕು ಮಂದಿ ಮುಂದೆ ಕೂಡಿಸಿದ್ದರು, ಹಿಗ್ಗಿದ್ದಳು. ಎಂಟು ವರ್ಷದ ಕಳಕಮ್ಮ ಬಾಸಿಂಗದ ಭಾರಕ್ಕೆ ಕತ್ತು ವಾಲಿಸಿ ಅಕ್ಷತೆಯ ಹೊತ್ತಿಗೆ ನಿದ್ದೆ ಹೋಗಿತ್ತು. ಮಂದಿ ನೋಡುತ್ತಾರೆಂದು ಶೇಖರಮ್ಮ ಬಗ್ಗಿ ಅದರ ತೊಡೆ ಚಿವುಟಿ ಎಬ್ಬಿಸಿದಳು. ಹುಡುಗಿ ಕಣ್ಣು ಬಿಟ್ಟು, ಅಳು ನುಂಗಿಕೊಂಡು, ಎದುರಿಗೆ ಹಿಡಿದ ಅಂತರಪಟವನ್ನು ನೋಡಿತು. ಮಾರನೆಯ ದಿನ ಎಣ್ಣೆ ಹಚ್ಚುವಾಗ ತೊಡೆಯ ಮೇಲೆ ಹುಣಸೆ ಬೀಜದಷ್ಟು ನೀಲಿ ಕಲೆ ಇತ್ತು.

ಗಂಡ ವಿರೂಪಾಕ್ಷಪ್ಪ ಆಗ ಏನು ಮಾಡುತ್ತಿದ್ದ? ಪತ್ರಿಕೆ ಓದುತ್ತಿದ್ದ. ಅವನಿಗೆ ಬಜಾರಿನಲ್ಲಿ ಕಿರಾಣಿ ಅಂಗಡಿ, ಸಂಜೆ ವಾಚನಾಲಯ. ಹುಬ್ಬಳ್ಳಿಯಿಂದ ಬರುವ ಪತ್ರಿಕೆಯನ್ನು ನಾಲ್ಕು ಜನರಿಗೆ ಓದಿ ಹೇಳುವುದು ಅವನ ಕೆಲಸ. ಎರಡು ವರ್ಷದಿಂದ ಖಾದಿ. ಹೋದ ಶ್ರಾವಣದಲ್ಲಿ ವಾಚನಾಲಯದಲ್ಲಿ ಸ್ತ್ರೀಯರ ಸ್ಥಿತಿಯ ಮೇಲೆ ಭಾಷಣ ಮಾಡಿದ್ದ. ಹೆಂಗಸರಿಗೆ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿದ್ದರು. ಅರ್ಧ ತೆರೆದ ಬಾಗಿಲಿನಿಂದ ಗಂಡನ ಒಂದು ಭುಜ, ಒಂದು ಕೈ ಮಾತ್ರ ಅವಳಿಗೆ ಕಾಣುತ್ತಿತ್ತು. ಆಡುವ ವಯಸ್ಸಿನ ಹಸುಳೆಗಳನ್ನು ಸಂಸಾರದ ನೊಗಕ್ಕೆ ಹೂಡುವುದು ಪಾಪ ಎಂದು ಆ ಕೈ ಗಾಳಿಯಲ್ಲಿ ಏರಿ ಇಳಿಯಿತು. ಚಪ್ಪಾಳೆ ತಟ್ಟಿದರು. ತನ್ನ ಬಗ್ಗೆಯೇ ಹೇಳುತ್ತಿದ್ದಾನೆ, ತಿಳಿದುಕೊಂಡಿದ್ದಾನೆ, ಕೊನೆಗೂ, ಎಂದುಕೊಂಡಳು. ಆ ನಂಬಿಕೆಯಿಂದಲೇ ಒಂದು ತಿಂಗಳ ಕೆಳಗೆ ಊಟಕ್ಕೆ ಬಡಿಸುವಾಗ ಅವನೊಬ್ಬನಿಗೆ ಮಗಳ ವಿಷಯ ಹೇಳಿದ್ದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಎಷ್ಟ ದಿನ ಮುಚ್ಚಿಡ್ತಿ?” ಎಂದ. “ನೀವು ಹೂಂ ಅಂದ್ರ ಮುಚ್ಚಿಡೂದ ಬ್ಯಾಡರಿ. ಹದಿನಾರು ತುಂಬೂತನಕ ಕಳಸೂದಿಲ್ಲ ಅಂತ ನೀವ ಹೇಳಿಬಿಡ್ರಿ ಬೀಗರಿಗೆ.” “ನಮ್ಮವ್ವಗ ಯಾರು ಹೇಳಬೇಕು?” ಎಂದು ಅವನು ಮತ್ತೆ ರೊಟ್ಟಿ ಮುರಿದ. ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡ. ಆ ಪಲ್ಯ ಹಾಕಿದ್ದಕ್ಕೆ ಅವಳಿಗೆ ಇವತ್ತಿಗೂ ತನ್ನ ಮೇಲೆ ಸಿಟ್ಟಿದೆ.

ಮಧ್ಯಾಹ್ನದ ರೈಲು ಬಂದು ಹೋದ ಸ್ವಲ್ಪ ಹೊತ್ತಿಗೆ ಮನೆಯ ಮುಂದೆ ಟಾಂಗಾ ನಿಂತಿತು. ಕೊಟ್ರಬಸಪ್ಪ ಜರಿ ರುಮಾಲು ಸರಿಮಾಡಿಕೊಳ್ಳುತ್ತ ಇಳಿದ. ಹಿಂದೆ ಅವನ ಹೆಂಡತಿ ಮಾಳವ್ವ, ಸೊಂಟದ ಮೇಲೆ ಬಿದಿರ ಬುಟ್ಟಿ. ಶೇಖರಮ್ಮನ ಕೈ ತಂಬಿಗೆಯ ಮೇಲೆ ಬಿಗಿಯಾಯಿತು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಯಾಕೆ ಬಂದರು? ಮುದುಕಮ್ಮನ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ. ಜಮಖಾನೆ ಆಗಲೇ ಹಾಸಿತ್ತು. ಯಾವಾಗ ಹಾಸಿದಳು? ಕಾಲಿಗೆ ನೀರು ಕೊಟ್ಟು, ತಲೆಯ ಮೇಲೆ ಸೆರಗು ಹೊದ್ದು ಶೇಖರಮ್ಮ ಅಡುಗೆಮನೆಯ ಬಾಗಿಲ ಬದಿಗೆ ನಿಂತಳು. ಅಂಗಡಿಯಿಂದ ವಿರೂಪಾಕ್ಷಪ್ಪ ಬಂದ. ಅವನೂ ಅಚ್ಚರಿಪಡಲಿಲ್ಲ. ಅವಳ ಕಡೆ ನೋಡಲೂ ಇಲ್ಲ.

“ಕಾರ್ಡ ಮುಟ್ಟಿತು,” ಎಂದ ಕೊಟ್ರಬಸಪ್ಪ. “ಹುಡುಗಿ ದೊಡ್ಡಾಕಿ ಆದಂಗ ಕಾಣತೈತಿ, ಬಂದು ನೋಡಿಕೊಂಡು ಹೋಗ್ರಿ ಅಂತ ಬರದಿದ್ರಿ. ಛಲೋ ಆತು. ನಾವೂ ಒಂದ ವರ್ಷದಿಂದ ದಾರಿ ನೋಡಾಕ ಹತ್ತೀವಿ.”

ಮಾಳವ್ವ ಬುಟ್ಟಿಯಿಂದ ಒಂದೊಂದೇ ತೆಗೆದಿಟ್ಟಳು: ಕುಪ್ಪಸದ ಖಣ, ಬಳೆ, ಕೊಬ್ಬರಿ ಬಟ್ಟಲು, ಕೊನೆಗೆ ಹಸಿರು ರೇಷ್ಮೆ ಸೀರೆ. ಅರಿವೆ ಸಿಗದ ಈ ದಿನಗಳಲ್ಲಿ ಅಂಥ ಸೀರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಳಕೋಣೆಯ ಬಾಗಿಲ ಸಂದಿಯಲ್ಲಿ ಕಳಕಮ್ಮನ ಮುಖ ಕಾಣಿಸಿತು. “ಬಾ ಇಲ್ಲಿ, ನಮ್ಮವ್ವ” ಎಂದು ಮಾಳವ್ವ ಕರೆದು, ಪಕ್ಕಕ್ಕೆ ಕೂಡಿಸಿಕೊಂಡು, ಸೀರೆಯನ್ನು ತೊಡೆಯ ಮೇಲೆ ಹಾಕಿದಳು. ಹುಡುಗಿ ಸೆರಗಿನ ಜರಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿತು.

ಶೇಖರಮ್ಮ ಕಾರ್ಡಿನ ಬಗ್ಗೆಯೇ ಯೋಚಿಸುತ್ತಿದ್ದಳು. ಬೆಳಿಗ್ಗೆ ಹಗ್ಗದ ಬಳಿ ಕೇಳುವಾಗಲೇ ಮುದುಕಮ್ಮನಿಗೆ ಎಲ್ಲ ಗೊತ್ತಿದ್ದಿರಬೇಕು, ಆದರೆ ಅವಳಿಗೆ ಅಕ್ಷರ ಬಾರದು. ಬರೆದವನು ಗಂಡ. ವಾಚನಾಲಯದ ಶಾಯಿ ದೌತಿಯಿಂದಲೇ ಬರೆದಿರಬೇಕು, ದುಂಡಗಿನ ಅಕ್ಷರದಲ್ಲಿ, ತಮ್ಮ ಆಶೀರ್ವಾದದಿಂದ ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಮಾಡಿ. ನಾಲ್ಕು ತಿಂಗಳು ಮೈ ಹಿಡಿ ಮಾಡಿಕೊಂಡು ಬದುಕಿದ್ದನ್ನು ಒಂದು ಕಾರ್ಡಿನ ಎರಡು ಸಾಲಿನಲ್ಲಿ ಮುಗಿಸಿದ್ದ. ಅವಳು ಬಾಗಿಲ ಬದಿ ಬಿಟ್ಟು ಪಡಸಾಲೆಗೆ ಬಂದಳು. ಗಂಟಲಿನಿಂದ ತನ್ನದಲ್ಲದ ದನಿ ಬಂತು.

“ಆಗಿಲ್ರಿ. ಯಾರು ಹೇಳಿದ್ರು? ಅಕಿ ಇನ್ನೂ ದೊಡ್ಡಾಕಿ ಆಗಿಲ್ಲ.”

ಬೀಗರ ಮುಂದೆ ಸೊಸೆ ಬಾಯಿ ತೆರೆದದ್ದು ಅದೇ ಮೊದಲು. ಮುದುಕಮ್ಮ ಜಗಿಯುವುದನ್ನು ನಿಲ್ಲಿಸಿ, “ಹಗ್ಗದ ಮ್ಯಾಲ ಅರಿವಿ ನೋಡೇನಿ ನಾ. ಕಣ್ಣಿಲ್ಲೇನು ನನಗ?” ಎಂದಳು. “ಅವು ನನ್ನವು” ಎಂದಳು ಶೇಖರಮ್ಮ, ಗಂಡಸರ ಎದುರಿಗೆ, ಮುಖ ಕಾದು ಕೆಂಡವಾಗುತ್ತಿರಲು. ಕೊಟ್ರಬಸಪ್ಪ ಕೆಮ್ಮಿ ಹೊರಗೆ ನೋಡಿದ. ಮಾಳವ್ವ ಮಾತ್ರ ಶಾಂತವಾಗಿ, “ಜಗಳ ಯಾಕ್ರಿ? ಸೂಲಗಿತ್ತಿನ ಕರಸ್ರಿ. ಹುಡುಗಿನ್ನ ಒಳಗ ಕರಕೊಂಡು ಕೇಳ್ತಾಳ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ” ಎಂದಳು.

ಓಣಿಯ ತುದಿಯ ಮನೆಯಿಂದ ಸೂಲಗಿತ್ತಿ ಹಜರತಬೀ ಬಂದಳು. ಅರವತ್ತು ದಾಟಿದ ಹೆಂಗಸು, ಕೈಬೆರಳುಗಳು ಮಾತ್ರ ಇನ್ನೂ ನೆಟ್ಟಗೆ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಮೊದಲು ಶೇಖರಮ್ಮನ ಮುಖ ನೋಡಿದಳು. ಇದೇ ಮನೆಯ ಅದೇ ಒಳಕೋಣೆ. ತವರು ಯಲಬುರ್ಗಿಯಿಂದ ಚಕ್ಕಡಿಯಲ್ಲಿ ಬಂದಿಳಿದಾಗ ಶೇಖರಮ್ಮನಿಗೆ ಹನ್ನೆರಡು. ಅವಳ ಉಡಿಯಲ್ಲಿ ಆಡುವ ಆಣೆಕಲ್ಲು ಇದ್ದವು, ಐದು, ನುಣ್ಣಗೆ ತಿಕ್ಕಿದವು. ಬಂದ ಮರುದಿನ ಮುದುಕಮ್ಮ ಅವನ್ನು ಕಸದ ಜೊತೆ ಗುಡಿಸಿ ಹಾಕಿದಳು. ಹದಿಮೂರು ತುಂಬುವ ಮೊದಲೇ ಮೂರು ಹಗಲು ಮೂರು ರಾತ್ರಿ ನೋವು ತಿಂದಳು. ತನಗೆ ಏನಾಗುತ್ತಿದೆ ಎಂದು ಯಾರೂ ಹೇಳಿರಲಿಲ್ಲ. ಅವ್ವನನ್ನು ಕರೆದಳು, ಅವ್ವ ಯಲಬುರ್ಗಿಯಲ್ಲಿದ್ದಳು. ಮೂರನೆಯ ದಿನ ಹಜರತಬೀ ಏನೋ ಒಂದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದಳು. ಗಂಡಾಗಿತ್ತು ಎಂದು ಆಮೇಲೆ ಯಾರೋ ಹೇಳಿದರು. ಮರಳಿ ಬಂದು ಹಜರತಬೀ ಗೋಡೆಗೆ ಹಣೆ ಹಚ್ಚಿ ನಿಂತು, ಮನೆಯವರಿಗೆಲ್ಲ ಕೇಳುವಂತೆ ಉರ್ದುವಿನಲ್ಲಿ ಬೈದಳು. ಯಾರಿಗೆ ಬೈದಳೋ ಶೇಖರಮ್ಮನಿಗೆ ಅರ್ಥವಾಗಲಿಲ್ಲ. ತನ್ನ ಪರವಾಗಿ ಈ ಮನೆಯಲ್ಲಿ ಸಿಟ್ಟು ಮಾಡಿದವಳು ಅವಳೊಬ್ಬಳೇ ಎಂದು ತಿಳಿಯಲು ಬಹಳ ವರ್ಷ ಬೇಕಾದವು.

ಹಜರತಬೀ ಕಳಕಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಒಳಗಿನಿಂದ ಪಿಸುಮಾತು ಕೇಳಿತು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು. ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, “ಇಲ್ರಿ. ಇನ್ನೂ ಕೂಸು ಐತಿ” ಎಂದಳು.

ಶೇಖರಮ್ಮ ಮಗಳನ್ನು ಕರೆದುಕೊಳ್ಳಲೆಂದು ಒಂದು ಹೆಜ್ಜೆ ಮುಂದಿಟ್ಟಳು. ಆದರೆ ಹಜರತಬೀಯ ಹಿಂದೆಯೇ ಕಳಕಮ್ಮ ಹೊರಗೆ ಬಂದಿದ್ದಳು. ಹಸಿರು ಸೀರೆಯನ್ನು ಎದೆಗೆ ಅವಚಿಕೊಂಡಿದ್ದಳು. ಮೂಗು ಕೆಂಪಾಗಿತ್ತು.

“ಸುಳ್ಳು ಹೇಳ್ತಾಳ. ಆಗೇನಿ ನಾ. ನಾಕ ತಿಂಗಳಾತು. ಯವ್ವ ಯಾರಿಗೂ ಹೇಳಬ್ಯಾಡ ಅಂತ ಬಡೀತಾಳ. ಸಾಲಿಗೂ ಬಿಡೂದಿಲ್ಲ, ಆಡಾಕೂ ಬಿಡೂದಿಲ್ಲ. ನಾ ಗದುಗಿಗೆ ಹೋಗ್ತೀನಿ. ನಾ ಇಲ್ಲಿ ಇರೂದಿಲ್ಲ.”

ಯೋಚಿಸುವ ಮೊದಲೇ ಶೇಖರಮ್ಮನ ಕೈ ಎದ್ದಿತು. ಹುಡುಗಿ ತಟ್ಟನೆ ಕತ್ತು ಕುಗ್ಗಿಸಿ, ಮೊಣಕೈ ಎತ್ತಿ ಎಡಗಿವಿಯನ್ನು ಮುಚ್ಚಿಕೊಂಡಿತು. ರೂಢಿಯಾಗಿದ್ದ ಚಲನೆ. ಪೆಟ್ಟು ಎಲ್ಲಿ ಬೀಳುತ್ತದೆಂದು ಅದಕ್ಕೆ ಗೊತ್ತಿತ್ತು. ಪಡಸಾಲೆಯಲ್ಲಿದ್ದ ಎಲ್ಲರೂ ಅದನ್ನು ನೋಡಿದರು: ಬೀಗ, ಬೀಗತಿ, ಅತ್ತೆ, ಗಂಡ, ಅವಳಿಗಾಗಿ ಸುಳ್ಳು ಹೇಳಿದ ಹಜರತಬೀ. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ಶೇಖರಮ್ಮನಿಗೆ ತಿಳಿಯಲಿಲ್ಲ. ಆ ಕೈಯನ್ನು ಅವಳು ಮುದುಕಮ್ಮನ ಕೈಯೆಂದು ಗುರುತಿಸಿದಳು. ಅಷ್ಟು ನಾಚಿಕೆಯಾದ ಮೇಲೆ ಇನ್ನು ಉಳಿಸಿಕೊಳ್ಳಬೇಕಾದ ಮಾನ ಏನೂ ಇರಲಿಲ್ಲ. ಸೆರಗು ತಲೆಯಿಂದ ಜಾರಿತ್ತು. ಹಾಗೇ ಬಿಟ್ಟಳು.

“ಹೌದ್ರಿ,” ಎಂದಳು. “ಆಗ್ಯಾಳ. ನಾ ಸುಳ್ಳು ಹೇಳಿದೆ. ಹಜರತಮ್ಮನೂ ನನ್ನ ಸಲುವಾಗಿ ಸುಳ್ಳು ಹೇಳಿದ್ಲು. ಈಗ ಖರೇನ ಹೇಳ್ತೀನಿ. ಅಕಿನ್ನ ಕಳಸೂದಿಲ್ಲ.”

“ಏನಂದ್ರಿ?” ಎಂದ ಕೊಟ್ರಬಸಪ್ಪ.

“ಕಳಸೂದಿಲ್ಲ ಅಂದೆ. ಹದಿನಾರು ತುಂಬಲಿ. ಆಗ ಅಕಿನ್ನ ಕೇಳಿ ಕಳಸ್ತೀನಿ.”

“ನಮ್ಮ ಮನಿ ಹೆಣ್ಣು ಅದು. ತಾಳಿ ಕಟ್ಯಾನ ನಮ್ಮ ಹುಡುಗ.”

“ಕಟ್ಟೂ ಮುಂದ ಅದು ನಿದ್ದಿ ಹೊಡೀತಿತ್ತು. ತೊಡಿ ಚೂಟಿ ಎಬ್ಬಿಸಿದಾಕಿ ನಾನು. ಆ ತಪ್ಪು ನಂದು. ಇನ್ನೊಂದು ಮಾಡೂದಿಲ್ಲ.”

ಮುದುಕಮ್ಮ ಎದ್ದು ನಿಂತಳು. “ನನ್ನ ಹನ್ನೊಂದಕ್ಕ ಕಳಿಸಿದ್ರು. ಯಾರು ಕೇಳಿದ್ರು ನನ್ನ? ನಿನ್ನ ಯಾರು ಕೇಳಿದ್ರು? ಎಲ್ಲಾರೂ ಹೋಗೀವಿ, ಎಲ್ಲಾರೂ ಬಾಳೇವಿ ಮಾಡೇವಿ. ಇಕಿಗೇನು ಬಂಗಾರದ ಕೋಡು ಬಂದಾವೇನು?” ದನಿ ಕೂಗಿನಂತಿತ್ತು, ಆದರೆ ಕಣ್ಣು ತುಂಬಿದ್ದವು. ಮುದುಕಿಯ ಆ ಅಳು ಯಾರಿಗಾಗಿ ಎಂದು ಶೇಖರಮ್ಮನಿಗೆ ಅರೆಗಳಿಗೆ ಅರ್ಥವಾದಂತಾಯಿತು. ಆದರೆ ಕರುಣೆ ಪಡಲು ಅವಳಲ್ಲಿ ಜಾಗವಿರಲಿಲ್ಲ. “ಯಾರೂ ಕೇಳಲಿಲ್ರಿ ಅತ್ತಿ. ಅದಕ್ಕ ಅಕಿನ್ನ ಕೇಳ್ತೀನಿ” ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವನು ಕಂಬಕ್ಕೆ ಆತು ಖಾದಿ ಅಂಗಿಯ ಗುಂಡಿಯನ್ನು ಹಾಕುತ್ತ ಬಿಚ್ಚುತ್ತ ನಿಂತಿದ್ದ.

“ಕಾರ್ಡ ಬರದವ್ರು ನೀವು. ಈಗ ಬಾಯಿಲೆ ಹೇಳ್ರಿ. ವಾಚನಾಲಯದಾಗ ಹೇಳಿದ್ದನ್ನ ಇಲ್ಲೆ ಹೇಳ್ರಿ, ಕೇಳೂನು.”

ವಿರೂಪಾಕ್ಷಪ್ಪ ತಾಯಿಯ ಕಡೆ ನೋಡಿದ, ಬೀಗರ ಕಡೆ ನೋಡಿದ. “ಎರಡು ವರ್ಷ... ತಡದ್ರ ಏನಾಗ್ತದ, ಬೀಗರ” ಎಂದ. ಕೊನೆಯ ಮಾತು ಬಾಯಿಯಲ್ಲೇ ಉಳಿಯಿತು. ಅಷ್ಟೇ. ಇಷ್ಟನ್ನು ಒಂದು ತಿಂಗಳ ಕೆಳಗೆ ಹೇಳಿದ್ದರೆ ಅವಳು ಅವನ ಕಾಲು ಹಿಡಿಯುತ್ತಿದ್ದಳು. ಈಗ ಅದು ಅವಳಿಗೆ ಬೇಕಾಗಿರಲಿಲ್ಲ. ಅವನು ತನ್ನ ಕಡೆಗೆ ಮೆಚ್ಚುಗೆಗೆಂಬಂತೆ ನೋಡಿದ್ದು ಕಂಡು ಇನ್ನಷ್ಟು ಸಿಟ್ಟು ಬಂತು.

ಕೊಟ್ರಬಸಪ್ಪ ಎದ್ದು ರುಮಾಲು ತಲೆಗಿಟ್ಟುಕೊಂಡ. “ಹದಿನೈದು ದಿನ ನೋಡ್ತೀವಿ. ಕಳಸಿದ್ರ ಸರಿ. ಇಲ್ಲಂದ್ರ ನಮ್ಮ ಹುಡುಗಗ ಬ್ಯಾರೆ ಹೆಣ್ಣು ತರ್ತೀವಿ. ಆಮ್ಯಾಲ ನಿಮ್ಮ ಮಗಳ್ನ ಯಾರೂ ಮೂಸಿ ಸೈತ ನೋಡೂದಿಲ್ಲ.”

“ತರ್ರಿ,” ಎಂದಳು ಶೇಖರಮ್ಮ. “ಅಕಿ ವಯಸ್ಸರೆ ಕೇಳಿ ತರ್ರಿ.”

ಮಾಳವ್ವ ಖಣ, ಬಳೆ, ಕೊಬ್ಬರಿಗಳನ್ನು ಬುಟ್ಟಿಗೆ ಹಾಕಿಕೊಂಡಳು. ಕಡೆಗೆ ಕಳಕಮ್ಮನ ಎದೆಯಿಂದ ಸೀರೆಯನ್ನು ಎಳೆದಳು. ಹುಡುಗಿ ಬಿಡಲಿಲ್ಲ. ಮಾಳವ್ವ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೀರೆ ಕಿತ್ತುಕೊಂಡು ಮಡಿಚಿದಳು. ಹಾಗೆ ಮಾಡುವಾಗ ಅವಳು ಹುಡುಗಿಯ ಮುಖ ನೋಡಲಿಲ್ಲ. ಟಾಂಗಾ ಹೊರಟು ಹೋಯಿತು. ಹಜರತಬೀ ಶೇಖರಮ್ಮನ ಭುಜವನ್ನು ಒಮ್ಮೆ ಒತ್ತಿ, ಚಪ್ಪಲಿ ಮೆಟ್ಟಿ ಹೋದಳು. ಮುದುಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ವಿರೂಪಾಕ್ಷಪ್ಪ ಅಂಗಡಿಗೆ ಹೋದ. ಓಣಿಯ ಹೆಂಗಸರು ಬಾಗಿಲು ಬಾಗಿಲಿಗೆ ನಿಂತಿದ್ದರು. ನಾಳೆ ಬಾವಿಯ ಕಟ್ಟೆಯ ಮೇಲೆ ತನ್ನ ಕೊಡದ ಹತ್ತಿರ ಯಾರ ಕೊಡವೂ ಬರುವುದಿಲ್ಲವೆಂದು ಶೇಖರಮ್ಮನಿಗೆ ಗೊತ್ತಿತ್ತು.

ಕಳಕಮ್ಮ ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಿದ್ದಳು. ಶೇಖರಮ್ಮ ಬಾಗಿಲ ಮುಂದೆ ನಿಂತು, “ಕಳಕವ್ವ, ನಾಳಿಂದ ಸಾಲಿಗೆ ಹೋಗು. ಆಡಾಕೂ ಹೋಗು. ಇನ್ನ ಬಡಿಯೂದಿಲ್ಲ ನಿನ್ನ” ಎಂದಳು.

“ನನಗ ಸಾಲಿ ಬ್ಯಾಡ,” ಒಳಗಿನಿಂದ ಅಳುವಿನ ನಡುವೆ ದನಿ ಬಂತು. “ನನ್ನ ಸೀರಿ ಹೋತು. ನೀ ಕೆಟ್ಟಾಕಿ. ನೀ ಬ್ಯಾಡ ನನಗ. ಆಯಿ ಛಲೋ. ಅವರು ಛಲೋ. ನೀ ಒಬ್ಬಾಕಿ ಕೆಟ್ಟಾಕಿ.”

ಒಳಗಿನಿಂದ ಬಾಗಿಲಿಗೆ ಒದ್ದ ಸದ್ದು. ಮತ್ತೊಂದು. ಏನೋ ಲೋಹದ್ದು ಬಂದು ಬಡಿದು ಉರುಳಿತು. ಮುದುಕಮ್ಮ ಮಲಗಿದಲ್ಲಿಂದಲೇ “ಬಾಯಿ ಮುಚ್ಚಸು ಅದರದು, ಮಂದಿ ಕೇಳ್ತಾರ” ಎಂದು ಗದರಿದಳು. ಶೇಖರಮ್ಮ ಹೊಸ್ತಿಲ ಮೇಲೆ ಕುಳಿತು ಬೆನ್ನನ್ನು ಬಾಗಿಲಿಗೆ ಒರಗಿಸಿದಳು. ಒದೆತ ಹಲಗೆಯನ್ನು ದಾಟಿ ಬೆನ್ನಿಗೆ ತಾಗುತ್ತಿತ್ತು. ಹನ್ನೆರಡು ವರ್ಷದ ಹುಡುಗಿ ಹೀಗೆ ಕೂಗಬಹುದು, ಒದೆಯಬಹುದು, ಹೆತ್ತವಳನ್ನು ಬೈಯಬಹುದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ಅವಳ ಸಿಟ್ಟು ಕೇಳಿಸಿಕೊಳ್ಳಲು ಬಾಗಿಲ ಆಚೆ ಯಾರೂ ಕುಳಿತಿರಲಿಲ್ಲ.

“ಕೂಗಲಿ ಬಿಡ್ರಿ ಅತ್ತಿ,” ಎಂದಳು. “ಮಂದಿ ಕೇಳಲಿ.”